ಅರವತ್ತೆರಡು ಬಿಂದಿಗೆ ನೀರು

ನಮ್ಮೂರಿನವರು ಗೋಡೆಗೆ ಒರಗುವುದಿಲ್ಲ. ಮದುವೆ ಮನೆಯಾಗಲಿ ಪಂಚಾಯಿತಿ ಕಚೇರಿಯಾಗಲಿ, ಮುದುಕರು ಕೂಡ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂರುತ್ತಾರೆ. ಪರಊರಿನ ನೆಂಟರು ಇದನ್ನು ನೋಡಿ ಎಂಥ ಶಿಸ್ತಿನ ಜನ ಎಂದು ಹೊಗಳುವುದುಂಟು. ಶಿಸ್ತೂ ಇಲ್ಲ, ಗಿಸ್ತೂ ಇಲ್ಲ. ಒರಗಿದರೆ ಅಂಗಿಯ ಬೆನ್ನೆಲ್ಲ ಬೂದಿ ಬಳಿದಂತಾಗುತ್ತದೆ, ಅಷ್ಟೆ. ನಮ್ಮ ಗೋಡೆಗಳು ಬೀಳುವುದಿಲ್ಲ, ಆದರೆ ಮುಟ್ಟಿದರೆ ಉದುರುತ್ತವೆ. ಮೊಳೆ ಹೊಡೆದರೆ ನಿಲ್ಲುವುದಿಲ್ಲ. ಹಾಗಾಗಿ ಎಲ್ಲರ ಮನೆಯಲ್ಲೂ ಕ್ಯಾಲೆಂಡರು ಕುರ್ಚಿಯ ಮೇಲೆ ಕೂತಿರುತ್ತದೆ, ದೇವರ ಪಟ ಮಣೆಯ ಮೇಲೆ. ಹಂಚು ಬಿಟ್ಟರೆ ಬೇರೇನನ್ನೂ ಹೊರುವ ತಾಕತ್ತು ಈ ಗೋಡೆಗಳಿಗಿಲ್ಲ. ಹೀಗಿದ್ದೂ ನಾವು ಸುಖವಾಗಿಯೇ ಇದ್ದೆವು, ಹಪ್ಪಳದ ಪುಟ್ಟನಂಜಮ್ಮ ತನ್ನ ಮನೆಗೆ ತಾರಸಿ ಬೇಕು ಎನ್ನುವವರೆಗೆ.

ನನ್ನ ಹೆಸರು ಪರಮೇಶಯ್ಯ. ಮನೆ ಕಟ್ಟುವ ಕಡೆ ದಿನವಹಿ ಬರೆಯುವುದು ನನ್ನ ಕಸುಬು, ನಮ್ಮ ತಂದೆಯವರದೂ ಅದೇ ಆಗಿತ್ತು. ಹೊತ್ತು ಮುಳುಗುವುದರೊಳಗೆ ಆ ದಿನದ ಕೆಲಸವನ್ನು ವಹಿಯಲ್ಲಿ ಬರೆಯಬೇಕು: ಯಾವ ಗೋಡೆ, ಎಷ್ಟು ವರಸೆ ಇಟ್ಟಿಗೆ, ಯಾರ ಕೈ. ಬರೆಯದ ಕೆಲಸ ಬೆಳಗಾಗುವಷ್ಟರಲ್ಲಿ ಬಿಚ್ಚಿಕೊಂಡಿರುತ್ತದೆ. ಇಟ್ಟಿಗೆಗಳು ತಮ್ಮ ರಾಶಿಗೆ ಮರಳಿ ಒಪ್ಪವಾಗಿ ಕೂತಿರುತ್ತವೆ, ಮರಳು ಮರಳಿನ ಗುಡ್ಡೆಗೆ, ಸಿಮೆಂಟು ಚೀಲಕ್ಕೆ. ಚೀಲದ ಬಾಯಿಗೆ ಹೊಲಿಗೆ ಕೂಡ ಬಿದ್ದಿರುತ್ತದೆ. ಮಾಡದ್ದನ್ನು ಬರೆದರಂತೂ ಇನ್ನೂ ಫಜೀತಿ. ಪುಟದಲ್ಲಿ ಒಂದೇ ಒಂದು ಸುಳ್ಳಿದ್ದರೂ ಅದು ಯಾವ ಗೋಡೆಯ ಮಾತೋ ಆ ಗೋಡೆ ಬುಡಸಮೇತ ಹೋಗುತ್ತದೆ. ಕೆಳಗಿನ ಬೀದಿಯಲ್ಲಿ ನನಗಿಂತ ಮುಂಚೆ ಬರೆಯುತ್ತಿದ್ದವರೊಬ್ಬರು ಊಟದ ಆತುರದಲ್ಲಿ ಎಂಟು ವರಸೆಯನ್ನು ಒಂಬತ್ತು ಎಂದು ಬರೆದಿದ್ದರು. ಮರುದಿನ ಬೆಳಿಗ್ಗೆ ಮನೆಯವರು ಎದ್ದು ಬಂದು ನೋಡಿದಾಗ ಪಾಯದ ಗುಂಡಿ ಮಾತ್ರ ಇತ್ತು.

ಅದಕ್ಕೇ ಸಂಜೆ ವಹಿಯನ್ನು ಗಟ್ಟಿಯಾಗಿ ಓದುವ ಪದ್ಧತಿ. ಕೈಕಾಲು ತೊಳೆದು ಎಲ್ಲರೂ ಸುತ್ತ ನಿಲ್ಲುತ್ತಾರೆ. ನಾನು ಒಂದೊಂದೇ ಹೆಸರು ಓದಿ ಅವರವರ ಕೆಲಸ ಹೇಳುತ್ತೇನೆ. ಹೆಸರಿನವರು ‘ಹೌದು’ ಎನ್ನಬೇಕು. ಬೇರೆಯವರು ಬಾಯಿ ಹಾಕುವಂತಿಲ್ಲ. ಕೊನೆಯ ಹೌದು ಕೇಳಿದ ಮೇಲೆ ವಹಿ ಮುಚ್ಚಿ ಕಣ್ಣಿಗೊತ್ತಿಕೊಂಡು ಮನೆಗೆ ಹೊರಡುವುದು. ಇಪ್ಪತ್ತಮೂರು ವರ್ಷಗಳಲ್ಲಿ ನಾನು ಬರೆದ ಒಂದು ಗೋಡೆಯೂ ಇಳಿದಿರಲಿಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪವಲ್ಲ, ಬೇಕಾದಷ್ಟಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಮ್ಮ ತಂದೆಯವರು ಹಾಕಿಕೊಟ್ಟ ಕಟ್ಟಳೆಯೊಂದನ್ನು ನಾನು ತಪ್ಪದೆ ಪಾಲಿಸಿಕೊಂಡು ಬಂದಿದ್ದೆ: ಗಾರೆಯವರು ಬರದ ದಿನ ವಹಿ ತೆರೆಯಕೂಡದು. ತೆರೆದರೆ ಬರೆಯುವವನ ಕೈ ಸುಮ್ಮನಿರದೆ ಏನಾದರೂ ಗೀಚಿ, ಅದು ಸುಳ್ಳಾಗಿ, ಎದ್ದುನಿಂತ ಕೆಲಸವೆಲ್ಲ ಹಾಳಾಗುತ್ತದೆ ಎಂದು ಅವರ ಭಯ.

ನಮ್ಮೂರಿಗೆ ಇನ್ನೊಂದು ಭಾಗ್ಯವೂ ಇತ್ತು. ಎಲ್ಲೇ ಮನೆ ಕಟ್ಟಲಿ, ಮೊದಲ ದಿನ ಅಂಗಳದಲ್ಲಿ ನೀರಿನ ತೊಟ್ಟಿ ಕಟ್ಟಿ, ತುಂಬಿಸಿ, ಪೂಜೆ ಮಾಡುತ್ತೇವೆ. ವಹಿಯ ಮೊದಲ ಪುಟದಲ್ಲಿ ಬರೆಯುವುದೇ ಅದು. ಆಮೇಲೆ ಗೋಡೆಗೆ ಎಷ್ಟೇ ನೀರು ಹೊಯ್ದರೂ ಬೆಳಿಗ್ಗೆ ಆ ತೊಟ್ಟಿ ಮತ್ತೆ ತುಂಬಿರುತ್ತಿತ್ತು. ಗಂಗಮ್ಮ ತಾಯಿ ನಮ್ಮ ಮೇಲೆ ಕಣ್ಣಿಟ್ಟಿದ್ದಾಳೆ ಎಂದು ನಾವು ಶುಕ್ರವಾರ ಶುಕ್ರವಾರ ತೊಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದೆವು. ಈ ಕೈ ಮುಗಿದವರಲ್ಲಿ ನಾನೇ ಮುಂದು.

ಪುಟ್ಟನಂಜಮ್ಮನ ಕಷ್ಟ ಬಿಸಿಲಿನದು. ಅವಳ ಮನೆಯಲ್ಲಿ ಹತ್ತು ಜನ ಹೆಂಗಸರು ಕೂತು ಹಪ್ಪಳ ಲಟ್ಟಿಸುತ್ತಾರೆ. ಅವಳ ಉದ್ದಿನ ಹಪ್ಪಳ ಎಂದರೆ ಸುತ್ತಮುತ್ತ ಹೆಸರು. ಆದರೆ ಹೋದ ವರ್ಷ ಮೂಡಲಿಗೆ ಅಕ್ಕಿ ಗಿರಣಿಯ ಗೋದಾಮು ಎದ್ದಿತು, ಪಡುವಲಿಗೆ ಛತ್ರ ಎದ್ದಿತು. ಅವಳ ಅಂಗಳಕ್ಕೆ ಮಧ್ಯಾಹ್ನ ಒಂದು ಗಳಿಗೆ ಬಿಸಿಲು ಬಂದರೆ ಹೆಚ್ಚು. ನೆರಳಲ್ಲಿ ಒಣಗಿದ ಹಪ್ಪಳಕ್ಕೆ ಬೂಸಲು ಹಿಡಿಯುತ್ತದೆ. ಬೀದಿಯಲ್ಲಿ ಹರವಿದರೆ ಧೂಳು, ಮೇಕೆ. ಹಂಚಿನ ಮೇಲೆ ಹರವಿದರೆ ಜಾರಿ ಬೀಳುತ್ತವೆ. ಮೇಲೆ ಚಪ್ಪಟೆಯಾದ ತಾರಸಿ ಇದ್ದರೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲೋ ಬಿಸಿಲು. “ಈ ಬ್ಯಾಸಗೆ ತಪ್ಪಿದ್ರೆ ನಾನು ಅಂಗಡಿ ಮುಚ್ಚಿ ತಂಗಿ ಮನೆ ಸೇರ್ಕೋತೀನಿ ಪರಮೇಶಯ್ನೋರೆ. ಈ ಹತ್ತು ಜನಕ್ಕೆ ನೀವೇ ದಾರಿ ತೋರ್ಸಿ” ಎಂದಿದ್ದಳು. ನನ್ನ ಕೈಯಲ್ಲಿದ್ದದ್ದು ವಹಿ ಮಾತ್ರ. ನಮ್ಮೂರಿನಲ್ಲಿ ಅದುವರೆಗೆ ಮೂರು ಮನೆಯವರು ತಾರಸಿ ಹಾಕಿಸಲು ಹೋಗಿ ಮೂರೂ ಉದುರಿಹೋಗಿದ್ದವು. ಈ ಮಣ್ಣಿಗೆ ತಾರಸಿ ಆಗಿಬರುವುದಿಲ್ಲ ಎಂದು ಎಲ್ಲರೂ ನಂಬಿದ್ದೆವು.

ಮೇಸ್ತ್ರಿ ಮುನಿವೆಂಕಟಪ್ಪ ಮಾತ್ರ ಆಗುತ್ತದೆ ಎಂದ. ಕರಣೆ ಹಿಡಿದರೆ ಅವನಷ್ಟು ಅಚ್ಚುಕಟ್ಟಿನ ಕೈ ಇನ್ನೊಂದಿಲ್ಲ, ಕೋಪವೂ ಅಷ್ಟೇ ಅಚ್ಚುಕಟ್ಟು. ಸಂಕ್ರಾಂತಿ ಕಳೆದ ಮೇಲೆ ಹಂಚು ಇಳಿಸಿ, ಗೋಡೆಗಳನ್ನು ದಪ್ಪ ಮಾಡಿ, ಹೊರಗಡೆ ಕಲ್ಲಿನ ಮೆಟ್ಟಿಲು ಕಟ್ಟಿ, ಹಲಗೆ ಹೊಡೆದು, ಕಂಬಿ ಹಾಸಿ, ಒಂದೇ ದಿನದಲ್ಲಿ ಮೋಲ್ಡ್ ಹಾಕಿದ. ನಾನು ಎರಡು ಪುಟ ಬರೆದೆ. ಎಲ್ಲರೂ ಹೌದು ಎಂದರು. ಮರುದಿನ ಬೆಳಿಗ್ಗೆ ತಾರಸಿ ಅಲ್ಲೇ ಇತ್ತು, ಬಿಚ್ಚಿಕೊಂಡಿರಲಿಲ್ಲ. ಇಪ್ಪತ್ತೊಂದು ದಿನ ಅದು ಗಟ್ಟಿಯಾಗಲು ಬಿಟ್ಟೆವು. ಗಾರೆಯವರು ಬೇರೆ ಕಡೆ ಹೋದರು, ನಾನು ವಹಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಇಪ್ಪತ್ತೆರಡನೆಯ ದಿನ ಮುನಿವೆಂಕಟಪ್ಪ ಹಲಗೆಗೆ ಆನಿಸಿದ್ದ ಎರಡನೆಯ ಕಂಬ ಎಳೆಯುತ್ತಿದ್ದ ಹಾಗೆ ಮೂಲೆಯೊಂದು ನಿಪ್ಪಟ್ಟಿನ ಹಾಗೆ ಮುರಿದು ಬಿತ್ತು, ಹಿಂದೆಯೇ ಮಿಕ್ಕದ್ದೆಲ್ಲ. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಪುಟ್ಟನಂಜಮ್ಮ ಅಳಲಿಲ್ಲ. ಒಂದು ಹಿಡಿ ಎತ್ತಿಕೊಂಡು ಹಿಚುಕಿದಳು, ಪುಡಿಯಾಯಿತು. “ಮುಷ್ಟೀಲಿ ಹಿಂಗೆ ಪುಡಿಯಾಗೋ ಹಪ್ಪಳ ನಾನು ಯಾರಿಗೂ ಕೊಟ್ಟೋಳಲ್ಲ ಮೇಸ್ತ್ರಿ” ಎಂದಳು. ಮುನಿವೆಂಕಟಪ್ಪ ಎರಡು ದಿನ ಊಟ ಬಿಟ್ಟ.

ಕಂಬಿಗಳನ್ನು ಆರಿಸಿ ನೆಟ್ಟಗೆ ಮಾಡಿಕೊಂಡೆವು. ಸಿಮೆಂಟು ಇನ್ನೊಂದು ಸಲಕ್ಕಾಗುವಷ್ಟಿತ್ತು, ಅದೂ ಕರಾರುವಾಕ್ಕಾಗಿ. ಬೇಸಿಗೆ ಬಾಗಿಲಿಗೆ ಬಂದಿತ್ತು. ಒಂದು ಬುಧವಾರ ಎರಡನೆಯ ತಾರಸಿ ಹಾಕಿದೆವು. ಮತ್ತೆ ಎರಡು ಪುಟ, ಮತ್ತೆ ಹೌದುಗಳು. ಗುರುವಾರದಿಂದ ನನಗೆ ಬಿಡುವು. ಶನಿವಾರ ಬೆಳಿಗ್ಗೆ ನಾನು ಸಂತೆಯ ಚೀಲ ಹಿಡಿದು ಆ ದಾರಿಯಲ್ಲಿ ಹೋಗುತ್ತಿದ್ದಾಗ ದೊಡ್ಡತಾಯಮ್ಮ ಕರೆದಳು.

ದೊಡ್ಡತಾಯಮ್ಮ ನೀರಿನವಳು. ಸಿಮೆಂಟು ಗಟ್ಟಿಯಾಗಲೆಂದು ಕಟ್ಟಿದ ಗೋಡೆಗೆ, ಹಾಕಿದ ಪಾಯಕ್ಕೆ ನೀರು ಹೊಯ್ಯುವುದು ಅವಳ ಕೆಲಸ. ನಾನು ವಹಿ ಹಿಡಿದ ವರ್ಷವೇ ಅವಳೂ ಬಿಂದಿಗೆ ಹಿಡಿದಿದ್ದಳು. ಸಂಜೆ ಓದುವಾಗ ಅವಳೂ ಎಲ್ಲರ ಹಿಂದೆ ಸೆರಗು ಹೊದ್ದು ನಿಂತಿರುತ್ತಿದ್ದಳು. ಅವಳ ದನಿ ಹೇಗಿದೆಯೆಂದು ಕೇಳಿದ್ದರೆ ಹೇಳಲು ನನಗೆ ಆಗುತ್ತಿರಲಿಲ್ಲ, ಅಷ್ಟು ಮೌನಿ.

“ಸ್ವಾಮಿ, ಈ ತೊಟ್ಟಿ ಸ್ವಲ್ಪ ನೋಡಿ” ಎಂದಳು.

ತೊಟ್ಟಿ ತುಂಬಿತ್ತು. ನೀರು ಹಳದಿಯಾಗಿತ್ತು. “ನಿನ್ನೆ ಶುಕ್ರವಾರ. ಪೂಜೆ ಮಾಡೋವಾಗ ಅರಿಶಿನದ ಬಟ್ಟಲು ಕೈಜಾರಿ ನೀರಿಗೆ ಬಿತ್ತು. ಈ ನೀರಷ್ಟೂ ತಾರಸಿ ಮೇಲೆ ಹುಯ್ದೆ. ತಳ ಕಾಣೋ ಹಂಗೆ ಬಳ್ಕೊಂಡು ಹುಯ್ದೆ. ಈಗ ಬಂದು ನೋಡ್ತೀನಿ, ಅದೇ ಹಳದಿ ನೀರು ಇಲ್ಲೈತೆ.” ಅವಳು ಮೆಟ್ಟಿಲು ತೋರಿಸಿದಳು. ಹತ್ತಿ ನೋಡಿದೆ. ನೀರು ನಿಲ್ಲಲೆಂದು ತಾರಸಿಯ ಮೇಲೆ ಮಣ್ಣಿನ ಸಣ್ಣ ಸಣ್ಣ ಕಟ್ಟೆ ಕಟ್ಟಿದ್ದರು. ಅದರೊಳಗೆ ಒಂದು ಹನಿಯೂ ಇರಲಿಲ್ಲ, ಒಂದು ಹಳದಿ ಕಲೆಯೂ ಇರಲಿಲ್ಲ. ತಾರಸಿ ಒಣ ರೊಟ್ಟಿಯ ಹಾಗೆ ಬೆಳ್ಳಗಿತ್ತು.

“ಗಂಗಮ್ಮ ತಾಯಿ ಹೊಸ ನೀರು ತುಂಬುಸ್ತಾಳೆ ಅಂದ್ಕೊಂಡಿದ್ವಿ. ಹೊಸದಲ್ಲ ಸ್ವಾಮಿ, ನಾನು ಹುಯ್ದಿದ್ದೇ ವಾಪಸ್ ಬತ್ತೈತೆ. ಗಾರೆಗೆ ಕಲ್ಸಿದ ನೀರು ಬರಾಕಿಲ್ಲ, ಗೋಡೆಗೆ ಹುಯ್ದಿದ್ದು ಬತ್ತೈತೆ. ಅದ್ಯಾಕೆ ಅಂತ ಬೆಳಗಿಂದ ಯೋಚ್ನೆ ಮಾಡ್ದೆ.” ಅವಳು ಸೆರಗಿನ ಚುಂಗು ಸುತ್ತುತ್ತ ನೆಲ ನೋಡಿದಳು. “ಗಾರೆ ಕಲ್ಸಿದ್ದು ನೀವು ಬರೀತೀರಿ. ನಾನು ಹುಯ್ದಿದ್ದು ಎಲ್ಲಿ ಬರ್ದಿದೀರಿ?”

ಕೈಯಲ್ಲಿದ್ದ ಸಂತೆಯ ಚೀಲ ಕೆಳಗಿಟ್ಟು ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಇಪ್ಪತ್ತಮೂರು ವರ್ಷ ದಿನವೂ ಸಂಜೆ ಈ ಹೆಂಗಸು ನನ್ನ ಮುಂದೆ ನಿಂತು ಎಲ್ಲರ ಹೆಸರು ಕೇಳಿಸಿಕೊಂಡಿದ್ದಾಳೆ. ತನ್ನ ಹೆಸರು ಒಂದು ದಿನವೂ ಕೇಳಿಲ್ಲ. ಅವಳು ಹೊಯ್ದ ಒಂದೊಂದು ಬಿಂದಿಗೆಯೂ ಅದೇ ದಿನ ರಾತ್ರಿ ಹಿಂದಕ್ಕೆ ಬಂದಿದೆ. ನಮ್ಮೂರಿನ ಯಾವ ಗೋಡೆಯೂ ಹುಟ್ಟಿದಾಗಿನಿಂದ ಒಂದು ಗುಟುಕು ನೀರು ಕುಡಿದಿಲ್ಲ. ಅದನ್ನು ಭಾಗ್ಯವೆಂದುಕೊಂಡು ನಾವು ಕರ್ಪೂರ ಹಚ್ಚಿದ್ದೇವೆ. ಆ ದಿನ ಸಂತೆಗೆ ಹೋಗಲಿಲ್ಲ. ಮನೆಗೆ ಓಡಿ ವಹಿ ತಂದೆ.

ವಿಷಯ ತಿಳಿದು ಮುನಿವೆಂಕಟಪ್ಪ ಬಂದವನೇ ಕೂಗಾಡಿದ. “ಗಾರೆಯೋರು ಇಲ್ದಿರೋ ದಿನ ವಹಿ ತೆಗೀತೀರಾ ವಹಿಯೋರೆ? ನಿಮ್ಮಪ್ಪನೋರು ಇದ್ದಿದ್ರೆ ಏನನ್ನೋರು? ಇವತ್ತು ಇಲ್ಲಿ ಯಾವ ಕೆಲ್ಸನೂ ನಡೀತಿಲ್ಲ. ಕೆಲ್ಸ ಇಲ್ದಿದ್ದು ಬರ್ದು ಸುಳ್ಳಾದ್ರೆ ನನ್ನ ತಾರಸಿ ವಾಪಸ್ ಚೀಲ ಸೇರುತ್ತೆ.”

“ಕೆಲಸ ನಡೀತಿಲ್ಲ ಅಂತೀಯಲ್ಲ, ದೊಡ್ಡತಾಯಿ ಮಾಡ್ತಿರೋದು ಏನಪ್ಪ?” ಎಂದೆ.

“ನೀರು ಹುಯ್ಯೋದು. ಅದು ಹುಯ್ಯೋದು, ಕೆಲ್ಸ ಅಲ್ಲ.”

ನನಗೂ ಒಳಗೊಳಗೇ ಅಳುಕಿತ್ತು. ಅವನ ಮಾತೇ ನಿಜವಾದರೆ, ನನ್ನ ಒಂದು ಸಾಲಿನಿಂದ ಇಡೀ ತಾರಸಿ ಹೋಗುತ್ತದೆ. ಸಿಮೆಂಟು ಚೀಲಕ್ಕೆ ಮರಳಿದರೂ ಮೂರನೆಯ ಸಲಕ್ಕೆ ಬೇಸಿಗೆ ಕಾಯುವುದಿಲ್ಲ. ಹೀಗೆ ನಾವಿಬ್ಬರೂ ಅಂಗಳದಲ್ಲಿ ಜಗ್ಗಾಡುತ್ತಿದ್ದಾಗ ಪುಟ್ಟನಂಜಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ದೊಡ್ಡತಾಯಮ್ಮನ ಸೊಂಟದ ಮೇಲೆ ಬಿಂದಿಗೆ ಕೂರುವ ಕಡೆ ಸೀರೆ ಸವೆದು ಜಾಲರಿಯಾಗಿದ್ದದ್ದನ್ನು ಒಂದು ಕ್ಷಣ ನೋಡಿದಳು. “ಬರೀರಿ ಪರಮೇಶಯ್ನೋರೆ. ತಾರಸಿ ನಂದು, ಹೋದ್ರೆ ನಂದು ಹೋಗ್ಲಿ” ಎಂದು ಒಳಗೆ ನಡೆದಳು. ಮುನಿವೆಂಕಟಪ್ಪ ಟವೆಲ್ಲು ಒದರಿ ಹೆಗಲಿಗೆ ಹಾಕಿಕೊಂಡ, ಆದರೆ ಮನೆಗೆ ಹೋಗಲಿಲ್ಲ.

ಬರೆಯಬೇಕೆಂದರೆ ಲೆಕ್ಕ ಬೇಕು. ಎಷ್ಟು ಬಿಂದಿಗೆ ಎಂದು ಕೇಳಿದರೆ ದೊಡ್ಡತಾಯಮ್ಮ ನಕ್ಕಳು, ಎಣಿಸಿ ಹೊಯ್ದು ಅವಳಿಗೆ ಗೊತ್ತಿಲ್ಲ. ನಾನೇ ಮೆಟ್ಟಿಲ ಕೆಳಗೆ ನೆರಳಲ್ಲಿ ಕೂತು ಎಣಿಸಲು ಶುರು ಮಾಡಿದೆ. ಅವಳು ಹತ್ತುವುದು, ಮೇಲೆ ನೀರಿನ ಸದ್ದು, ಇಳಿಯುವುದು. ನಾನು ಸುಣ್ಣದ ಕಡ್ಡಿಯಿಂದ ಕಲ್ಲಿನ ಮೇಲೆ ಗೀರು ಎಳೆಯುವುದು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. “ಏನ್ ವಹಿಯೋರೆ, ಕಾಗೆ ಎಣ್ಸೋ ಕೆಲ್ಸನೂ ಒಪ್ಕೋತೀರಾ?” ಎಂದು ಗಿರಣಿಯವನೊಬ್ಬ ಕೇಳಿದ. ಕೇಳಿಸದವನ ಹಾಗೆ ಗೀರು ಎಳೆದೆ. ಸಂಜೆಯ ಹೊತ್ತಿಗೆ ಅರವತ್ತನಾಲ್ಕು ಗೀರುಗಳಾದವು. ಅವಳ ಹಿಮ್ಮಡಿಯನ್ನು ಅರವತ್ತನಾಲ್ಕು ಸಲ ನೋಡಿದ್ದೆ. ಅದು ಕೆಲಸವೇ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಮುಗಿದಿತ್ತು.

ಹೊತ್ತು ಮುಳುಗುವ ಮುಂಚೆ ವಹಿ ತೆರೆದು ಬರೆದೆ. ಹಪ್ಪಳದ ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತರು. ಮುನಿವೆಂಕಟಪ್ಪ ದೂರದಲ್ಲಿ ಬೆನ್ನು ತಿರುಗಿಸಿ ನಿಂತ, ಕಿವಿ ಮಾತ್ರ ಈ ಕಡೆ. ನಾನು ಗಂಟಲು ಸರಿಮಾಡಿಕೊಂಡು ಓದಿದೆ: “ದೊಡ್ಡತಾಯಮ್ಮ. ತಾರಸಿಗೆ ಹೊಯ್ದ ನೀರು, ಬಿಂದಿಗೆ ಅರವತ್ತನಾಲ್ಕು.”

ಅವಳಿಗೆ ತನ್ನ ಹೆಸರು ಓದಿದ್ದೇ ಗೊತ್ತಾಗಲಿಲ್ಲವೇನೋ ಎಂದುಕೊಂಡೆ. ಇನ್ನೊಂದು ಸಲ ಓದಿದೆ. ಪುಟ್ಟನಂಜಮ್ಮ ಅವಳ ಮೊಣಕೈ ತಿವಿದಳು. ದೊಡ್ಡತಾಯಮ್ಮ ಸೆರಗು ಸರಿಪಡಿಸಿಕೊಂಡು, ಇಪ್ಪತ್ತಮೂರು ವರ್ಷಗಳಲ್ಲಿ ಮೊದಲನೆಯ ಸಲ ವಹಿಗೆ ಉತ್ತರ ಕೊಟ್ಟಳು.

“ಅಲ್ಲ” ಎಂದಳು.

ನನ್ನ ಜಂಬಕ್ಕೆ ಪೆಟ್ಟು ಬಿತ್ತು. ಗೀರುಗಳನ್ನು ತೋರಿಸಿ, ನಾನು ಎಣಿಕೆಯಲ್ಲಿ ತಪ್ಪುವವನಲ್ಲ ಎಂದೆ. “ಎಣ್ಕೆ ಸರಿಯಾಗೈತೆ ಸ್ವಾಮಿ. ಮಧ್ಯಾಹ್ನ ಬಿಸ್ಲಿಗೆ ನೆತ್ತಿ ಕಾದುಹೋಗಿತ್ತು. ಅಂಚಿಗೆ ಹೋಗಿ ಬಗ್ಗಿ ಎರಡು ಬಿಂದಿಗೆ ನನ್ನ ತಲೆ ಮೇಲೆ ಹುಯ್ಕೊಂಡೆ. ಆ ನೀರು ಬೀದಿಗೆ ಬಿತ್ತು. ತಾರಸಿಗೆ ಹುಯ್ದಿದ್ದು ಅರವತ್ತೆರಡೇ.” ಆಗ ನೋಡಿದೆ, ಅವಳ ತುರುಬು ಇನ್ನೂ ಒದ್ದೆಯಾಗಿತ್ತು. ದಿನವಿಡೀ ಅವಳನ್ನೇ ನೋಡುತ್ತ ಕೂತವನಿಗೆ ಅದು ಕಂಡಿರಲಿಲ್ಲ. ನೆರಳಲ್ಲಿ ಕೂತು ಎಣಿಸಿದರೆ ಹೀಗೇ ಆಗುವುದು. ಅವಳು ನಾಚಿಕೆಗೆ ಸುಮ್ಮನೆ ಹೌದು ಎಂದುಬಿಟ್ಟಿದ್ದರೆ ಎರಡು ಬಿಂದಿಗೆಯ ಸುಳ್ಳಿಗೆ ಇಡೀ ತಾರಸಿ ಚೀಲ ಸೇರುತ್ತಿತ್ತು. ದೂರದಲ್ಲಿ ಮುನಿವೆಂಕಟಪ್ಪ ಈ ಕಡೆ ತಿರುಗಿ ನಿಂತ. ನಾನು ನಾಲ್ಕನ್ನು ಹೊಡೆದು ಎರಡು ಎಂದು ತಿದ್ದಿದೆ. ನನ್ನ ವಹಿಯಲ್ಲಿ ಅದೇ ಮೊದಲ ಕಾಟು. ಓದಿದೆ. “ಹೌದು” ಎಂದಳು. ಅವಳ ದನಿ ದಪ್ಪಗಿದೆ, ಗಂಡಸಿನ ದನಿಯ ಹಾಗೆ.

ಬೆಳಿಗ್ಗೆ ಕೋಳಿಯ ಜೊತೆಗೇ ಎದ್ದು ಹೋದೆ. ನನಗಿಂತ ಮುಂಚೆ ಎಲ್ಲರೂ ಬಂದು ತೊಟ್ಟಿಯ ಸುತ್ತ ನಿಂತಿದ್ದರು. ತೊಟ್ಟಿ ಬರಿದಾಗಿತ್ತು. ತಳದಲ್ಲಿ ಅರಿಶಿನದ ಗಸಿ, ನಾಲ್ಕು ಜಲ್ಲಿ ಕಲ್ಲು, ಯಾರೋ ಎಂದೋ ಕಳೆದುಕೊಂಡ ಒಂದು ಬೀಗದ ಕೈ. ಬೆಳಗಿನ ಹೊತ್ತು ತೊಟ್ಟಿಯ ತಳ ಹೇಗಿರುತ್ತದೆಂದು ನಮ್ಮೂರಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಮುನಿವೆಂಕಟಪ್ಪ ಮೆಟ್ಟಿಲು ಹತ್ತಿಹೋಗಿದ್ದ. ಮೇಲಿನಿಂದ ಅವನ ಧ್ವನಿ ಬಂತು: “ಇಲ್ಲೈತೆ. ಹಳದಿ ನೀರು ಇಲ್ಲೇ ನಿಂತೈತೆ. ಅರ್ಧಕ್ಕರ್ಧ ಕುಡ್ದುಬಿಟ್ಟೈತೆ ಕಣ್ರೋ.” ಆಮೇಲೆ ಅವನು ಬಹಳ ಹೊತ್ತು ಇಳಿದು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು. ದೊಡ್ಡತಾಯಮ್ಮನ ಮುಂದೆ ನಿಂತು, “ಅಕ್ಕ, ಬಿಂದಿಗೆ ಕೊಡು, ಇವತ್ತು ಮೊದಲನೇದು ನಾನು ಹುಯ್ತೀನಿ” ಎಂದ. ಅವಳನ್ನು ಅಕ್ಕ ಎಂದು ಅವನು ಕರೆದದ್ದೂ ಅದೇ ಮೊದಲು.

ತೊಟ್ಟಿ ಬತ್ತಿತಂತೆ ಎಂಬ ಸುದ್ದಿ ಹಬ್ಬಿ ಅಕ್ಕಪಕ್ಕದವರು ಸಾವಿನ ಮನೆಗೆ ಬರುವ ಹಾಗೆ ಒಬ್ಬೊಬ್ಬರೇ ಬಂದರು. ಗಂಗಮ್ಮ ಮುನಿದಳು, ತಪ್ಪುಕಾಣಿಕೆ ಕಟ್ಟಿ ಎಂದರು. ಇಲ್ಲಿ ನೋಡಿದರೆ ನಾವು ನಗುತ್ತಿದ್ದೆವು. ನಮಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿ ಹೋದರು.

ನಗುವುದೇನೋ ಸರಿ, ಆದರೆ ಈಗ ತೊಟ್ಟಿಗೆ ದಿನವೂ ಬಾವಿಯಿಂದ ನೀರು ಸೇದಿ ತುಂಬಿಸಬೇಕು. “ನನ್ನ ಕೆಲ್ಸ ಎರಡರಷ್ಟು ಮಾಡ್ಬುಟ್ರಲ್ಲ ಸ್ವಾಮಿ” ಎಂದು ದೊಡ್ಡತಾಯಮ್ಮ ಸೊಂಟ ಹಿಡಿದುಕೊಂಡು ನಕ್ಕಳು. ಹಪ್ಪಳದ ಹೆಂಗಸರು ಲಟ್ಟಣಿಗೆ ಇಟ್ಟು ಎದ್ದರು. ಬಾವಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಮೇಲಕ್ಕೆ ಬಿಂದಿಗೆಗಳು ಕೈಯಿಂದ ಕೈಗೆ ದಾಟಿದವು, ತಾರಸಿ ಹೊತ್ತ ಗೋಡೆಗಳಿಗೂ ನೀರು ಬಿತ್ತು. ಒಬ್ಬೊಬ್ಬರ ಹೆಸರನ್ನೂ ಬರೆಯಬೇಕಾಯಿತು. ಹನ್ನೊಂದು ಹೆಂಗಸರು, ಹನ್ನೊಂದು ಹೌದು. ಕೆಲವರು ನಾಚಿ ಮೆಲ್ಲಗೆ ಹೇಳಿದರು. ಸಾಕಮ್ಮ ಎಂಬವಳು ಬೀದಿಯ ಕೊನೆಗೆ ಕೇಳುವ ಹಾಗೆ ಕಿರುಚಿದಳು. ನಾನು ನೆರಳು ಬಿಟ್ಟು ತಾರಸಿಯ ಮೇಲೇ ಕೊಡೆ ಹಿಡಿದು ಕೂತೆ. ಇಪ್ಪತ್ತೊಂದು ದಿನ, ಹಬ್ಬದ ದಿನವೂ ಸೇರಿ, ವಹಿ ತೆರೆದೆ. ನನ್ನ ಮೂಗಿನ ತುದಿ ಸುಟ್ಟು ಸಿಪ್ಪೆ ಎದ್ದಿತು. ತಂದೆಯವರ ಕಟ್ಟಳೆ ಮುರಿದೆನಲ್ಲ ಎಂಬ ಅಳುಕು ಮೊದಲ ನಾಲ್ಕು ದಿನ ಇತ್ತು. ಐದನೆಯ ದಿನ ಅವರೂ ಇದ್ದಿದ್ದರೆ ಕೊಡೆ ಹಿಡಿಯುತ್ತಿದ್ದರು ಎನ್ನಿಸಿತು.

ಹಲಗೆ ಬಿಚ್ಚುವ ದಿನ ಊರಿನ ಅರ್ಧ ಜನ ಬಂದಿದ್ದರು. ಧೂಳೇಳುತ್ತದೆಂದು ಮುಂಚಿತವಾಗಿಯೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಂತಿದ್ದರು. ಮುನಿವೆಂಕಟಪ್ಪ ತನ್ನ ಆಳುಗಳನ್ನು ಹೊರಗೆ ಕಳಿಸಿ ಒಬ್ಬನೇ ಒಳಗೆ ಹೋದ. ಮೊದಲ ಕಂಬ ಬಿದ್ದ ಸದ್ದು. ಎರಡನೆಯದು. ಹೋದ ಸಲ ಮುರಿದದ್ದು ಇಲ್ಲೇ. ಪುಟ್ಟನಂಜಮ್ಮ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿದಳು. ಮೂರು, ನಾಲ್ಕು, ಹನ್ನೆರಡು. ಕೊನೆಯ ಹಲಗೆಯೂ ಬಿತ್ತು. ಆಮೇಲೆ ಏನೂ ಸದ್ದಿಲ್ಲ. ಮೇಸ್ತ್ರಿಯೂ ಹೊರಗೆ ಬರಲಿಲ್ಲ. “ಮುನಿವೆಂಕಟಪ್ಪ” ಎಂದು ಕೂಗಿದೆ. “ಇರ್ರಿ ಸ್ವಾಮಿ, ನೋಡ್ಕೋತಾ ಇದ್ದೀನಿ” ಎಂದು ಒಳಗಿನಿಂದ ಉತ್ತರ ಬಂತು. ಹೋಗಿ ನೋಡಿದರೆ ಹಲಗೆಗಳ ನಡುವೆ ಅಂಗಾತ ಮಲಗಿ, ಎರಡೂ ಕೈ ತಲೆಯ ಕೆಳಗಿಟ್ಟುಕೊಂಡು, ತಾರಸಿಯನ್ನು ಕಣ್ತುಂಬ ನೋಡುತ್ತಿದ್ದ. ಎದ್ದು ಸುತ್ತಿಗೆಯಿಂದ ಒಂದು ಸಲ ಮೇಲಕ್ಕೆ ಬಡಿದ. ಕಂಚಿನ ತಟ್ಟೆಗೆ ಬಡಿದ ಹಾಗೆ ಠಣ್ಣೆಂದಿತು. ಹೊರಗಡೆ ಜನ ಮೂಗಿನ ಬಟ್ಟೆ ಬಿಚ್ಚಿದರು.

ಪುಟ್ಟನಂಜಮ್ಮ ಯಾರಿಗೂ ಕಾಯಲಿಲ್ಲ. ಮೊರದ ತುಂಬ ಹಸಿ ಹಪ್ಪಳ ಹೊತ್ತು ಮೆಟ್ಟಿಲು ಹತ್ತಿದಳು, ಹಿಂದೆ ಹತ್ತು ಹೆಂಗಸರು. ಹನ್ನೊಂದು ಜನ ಒಂದೇ ಸೂರಿನ ಮೇಲೆ ನಿಂತದ್ದನ್ನು ನಮ್ಮೂರು ಆವತ್ತೇ ಕಂಡದ್ದು. ಸಾಕಮ್ಮ ಬೇಕೆಂದೇ ಒಂದು ಸಲ ಧಡಕ್ಕನೆ ಕುಣಿದಳು, ಕೆಳಗಿನವರು ಹಿಂದಕ್ಕೆ ಸರಿದರು. ಏನೂ ಆಗಲಿಲ್ಲ. ಬಿಳಿ ಪಂಚೆಗಳನ್ನು ಹಾಸಿ ಹಪ್ಪಳ ಹರವಿದರು. ಬಿಸಿಲು ಅಂಚಿನಿಂದ ಅಂಚಿಗೆ ಬಿದ್ದಿತ್ತು. ಸಂಜೆ ಒಂದನ್ನು ತೆಗೆದು ಪುಟ್ಟನಂಜಮ್ಮ ಎರಡು ಬೆರಳಲ್ಲಿ ಮುರಿದಳು. ಆ ಸದ್ದು ಕೇಳಿ ಅವಳು ಅತ್ತಳು, ತಾರಸಿ ಬಿದ್ದ ದಿನ ಅಳದಿದ್ದವಳು.

ಆಮೇಲೆ ಆರು ದಿನ ತಾರಸಿಯ ಸುತ್ತ ಮೊಣಕಾಲೆತ್ತರದ ಗೋಡೆ ಕಟ್ಟಿ, ಅದಕ್ಕೂ ನೀರು ಹೊಯ್ದು, ಅದನ್ನೂ ಬರೆದೆವು. ಅದು ಗಟ್ಟಿಯಾದ ದಿನ ಆ ಮನೆಯ ವಹಿಯ ಕೊನೆಯ ಪುಟ. ಅದನ್ನು ಮೇಲೆಯೇ ಓದಬೇಕೆಂದು ಎಲ್ಲರೂ ಹಟ ಹಿಡಿದರು. ಸಂಜೆಯ ಬೆಳಕಿನಲ್ಲಿ ಓದಿದೆ. ಮುನಿವೆಂಕಟಪ್ಪನ ಹೌದು, ಹೆಂಗಸರ ಹೌದು, ಕೊನೆಯಲ್ಲಿ ದೊಡ್ಡತಾಯಮ್ಮನ ದಪ್ಪ ದನಿಯ ಹೌದು. ವಹಿ ಮುಚ್ಚಿ ಕಣ್ಣಿಗೊತ್ತಿಕೊಂಡೆ. ಅವಳು ಇಡೀ ದಿನದ ದಣಿವಿಗೆ ತಾರಸಿಯ ಮೇಲೇ ಕೂತವಳು, ಮಾತಾಡುತ್ತ ಮಾತಾಡುತ್ತ ಮೈಮರೆತು ಬೆನ್ನ ಹಿಂದಿನ ಹೊಸ ಗೋಡೆಗೆ ಒರಗಿಬಿಟ್ಟಳು.

ಒಂದಿಬ್ಬರು ಅಯ್ಯೋ ಎಂದು ಕೈ ಚಾಚಿದರು. ಆಗ ಅವಳಿಗೂ ಗೊತ್ತಾಗಿ ದಡಬಡಿಸಿ ಎದ್ದಳು. ಅವತ್ತು ಉಟ್ಟಿದ್ದದ್ದು ಪುಟ್ಟನಂಜಮ್ಮ ಉಡಿಸಿದ ಕಪ್ಪು ಸೀರೆ, ಹೊಸದು. ಮುನಿವೆಂಕಟಪ್ಪ ಅವಳ ಭುಜ ಹಿಡಿದು ಮೆಲ್ಲಗೆ ತಿರುಗಿಸಿದ. ನಾವೆಲ್ಲ ಬಗ್ಗಿ ನೋಡಿದೆವು. ಬೆನ್ನಿನ ಮೇಲೆ ಒಂದು ಕಣ ಪುಡಿ ಇರಲಿಲ್ಲ.

ದೊಡ್ಡತಾಯಮ್ಮ ಕೊರಳು ಹೊರಳಿಸಿ ತನ್ನ ಬೆನ್ನು ತಾನೇ ನೋಡಿಕೊಳ್ಳಲು ಹೆಣಗಿ, ಆಗದೆ, ನಮ್ಮ ಮುಖಗಳನ್ನು ನೋಡಿ ತಿಳಿದುಕೊಂಡಳು. ಮತ್ತೆ ಕೂತಳು. ಈ ಸಲ ನಿಧಾನವಾಗಿ, ಬೇಕೆಂದೇ, ಪೂರ್ತಿ ಬೆನ್ನು ಗೋಡೆಗೆ ಕೊಟ್ಟು ಒರಗಿ, ಕಾಲು ಚಾಚಿದಳು.

“ಇದನ್ನೂ ಬರ್ಕಳ್ಳಿ ಸ್ವಾಮಿ” ಎಂದಳು.

ಹೊತ್ತು ಇನ್ನೂ ಮುಳುಗಿರಲಿಲ್ಲ. ಮುಚ್ಚಿದ ವಹಿಯನ್ನು ಮತ್ತೆ ತೆರೆದು ಬರೆದೆ, ಗಟ್ಟಿಯಾಗಿ ಓದಿದೆ: “ದೊಡ್ಡತಾಯಮ್ಮ. ಗೋಡೆಗೆ ಒರಗಿ ಕೂತದ್ದು.” ಹೆಸರಿನವರಷ್ಟೇ ಉತ್ತರ ಕೊಡಬೇಕೆಂಬ ಪದ್ಧತಿ ಆವತ್ತು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಒಟ್ಟಿಗೆ ಹೌದು ಎಂದರು, ನಾನೂ ಎಂದೆ.